ಮೇಷ್ಟ್ರು ತೆಗೆದ ‘ಹಸಿವು’

ಕಾಲೇಜಿನಲ್ಲಿ ನನ್ನ ಜೊತೆ ಓದಿದ ಗೆಳತಿಯೊಬ್ಬಳು ಹೋದ ವಾರ ಫೋನ್ ಮಾಡಿದ್ದಳು. ನಮ್ಮ ಮೇಷ್ಟ್ರು ನಿವೃತ್ತರಾದರಂತೆ. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಅವರಿಗೊಂದು ಅಭಿನಂದನ ಗ್ರಂಥ ತರುತ್ತಿದ್ದಾರಂತೆ. “ನೀನೊಂದು ಲೇಖನ ಬರೀಲೇಬೇಕು ಕಣೆ. ಕ್ಯಾಮೆರಾ ಹಿಡಿಯೋದು ಕಲ್ತಿದ್ದೇ ಅವರಿಂದ ಅಲ್ವಾ ನೀನು?” ಎಂದಳು. ಮಂಡ್ಯದಲ್ಲಿ ಮದುವೆ ಆಲ್ಬಮ್ ಮಾಡಿಕೊಂಡು ಬದುಕುತ್ತಿರುವ ನಾನು ಆ ಮಾತಿಗೆ ಹೂಂ ಅನ್ನಲಿಲ್ಲ. ಬರೆಯುತ್ತೇನೆ ಎಂದಷ್ಟೇ ಹೇಳಿದೆ. ಬರೆದಿದ್ದೇನೆ. ಗ್ರಂಥದಲ್ಲಿ ಇದಕ್ಕೆ ಜಾಗ ಸಿಗುವುದಿಲ್ಲವೆಂದು ನನಗೆ ಗೊತ್ತು.

ಮೇಷ್ಟ್ರ ಹೆಸರು ಹಾಕುತ್ತಿಲ್ಲ. ಮದ್ದೂರು ಮಂಡ್ಯದ ಕಡೆ ಕ್ಯಾಮೆರಾ ಹಿಡಿದವರಿಗೆ ಹೆಸರಿಲ್ಲದೆಯೂ ಗೊತ್ತಾಗುತ್ತದೆ. ಉಳಿದವರಿಗೆ ಗೊತ್ತಾಗಿ ಆಗಬೇಕಾದ್ದೇನೂ ಇಲ್ಲ. ಅವರು ಪಾಠ ಮಾಡುತ್ತಿದ್ದುದು ಅರ್ಥಶಾಸ್ತ್ರ. ಹಳೇ ನೋಟ್ಸು ಹಿಡಿದು ನಿಂತು ಓದುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು. ಬಡತನದ ಅಧ್ಯಾಯ ಬಂದಾಗಲೂ ಅದೇ ನಿದ್ದೆಗಣ್ಣು. ಭಾನುವಾರ ಬಂತೆಂದರೆ ಮಾತ್ರ ಅದೇ ಬಡತನವನ್ನು ಹುಡುಕಿಕೊಂಡು ಬೆಳಗಾಗುವ ಮೊದಲೇ ಕಾರು ಹತ್ತುತ್ತಿದ್ದರು.

ಅವರನ್ನು ಒಮ್ಮೆ ನೋಡಿದವರು ಮರೆಯುವುದು ಕಷ್ಟ. ಮೈತುಂಬ ಜೇಬುಗಳಿರುವ ಖಾಕಿ ಜಾಕೆಟ್ಟು. ಕಾಡಿನಲ್ಲಿ ಹುಲಿ ಫೋಟೋ ತೆಗೆಯುವವರು ಹಾಕಿಕೊಳ್ಳುತ್ತಾರಲ್ಲ, ಅಂಥದ್ದು. ಮದ್ದೂರಿನ ಮಾರ್ಚಿ ತಿಂಗಳ ಬಿಸಿಲಿನಲ್ಲಿ, ಎಮ್ಮೆ ಕೂಡ ನೆರಳು ಹುಡುಕುವ ಹೊತ್ತಿನಲ್ಲಿ, ಅವರು ಆ ಜಾಕೆಟ್ಟಿನಲ್ಲೇ ಬೆವರುತ್ತ ಸ್ಟಾಫ್ ರೂಮಿನಲ್ಲಿ ಕೂತಿರುತ್ತಿದ್ದರು. ಅಷ್ಟು ಜೇಬುಗಳಲ್ಲಿ ಏನಿರುತ್ತದೆಂದು ನಮಗೆಲ್ಲ ಕುತೂಹಲ. ಒಂದರಲ್ಲಿ ಬಾಚಣಿಗೆ, ಇನ್ನೊಂದರಲ್ಲಿ ಜೀರಿಗೆ ಪೆಪ್ಪರಮಿಂಟು, ಮತ್ತೊಂದರ ತುಂಬ ವಿಸಿಟಿಂಗ್ ಕಾರ್ಡು. ಕಾರ್ಡಿನ ಮೇಲೆ ‘ಛಾಯಾಗ್ರಾಹಕ, ಚಿಂತಕ, ಪರಿಸರಪ್ರೇಮಿ’ ಎಂದಿತ್ತು. ದಿನಾ ತರಗತಿಯಲ್ಲಿ ನೋಡುವ ವಿದ್ಯಾರ್ಥಿಗಳಿಗೂ ಒಂದೊಂದು ಕಾರ್ಡು ಹಂಚಿದ ಮನುಷ್ಯ ಅವರು.

ನಾನು ಡಿಗ್ರಿ ಮೊದಲ ವರ್ಷದಲ್ಲಿದ್ದಾಗ ಅವರು ಕಾಲೇಜಿನಲ್ಲಿ ಫೋಟೋಗ್ರಫಿ ಕ್ಲಬ್ಬು ಶುರು ಮಾಡಿದರು. ಮದ್ದೂರು ತಾಲೂಕಿನದೇ ಕೊಪ್ಪದ ಹತ್ತಿರದ ನಮ್ಮ ಹಳ್ಳಿಯಿಂದ ಬಸ್ಸಿನಲ್ಲಿ ಓಡಾಡುತ್ತಿದ್ದ ನನಗೆ ಆಗಲೇ ಫೋಟೋ ಹುಚ್ಚು ಹತ್ತಿತ್ತು. ಅಪ್ಪ ಕೊಡಿಸಿದ ಫೋನಿತ್ತು, ಒಂದು ಮೂಲೆ ಒಡೆದಿತ್ತು. ಅದರಲ್ಲೇ ಕಬ್ಬಿನ ಲಾರಿ, ಗದ್ದೆ ಬದುವಿನ ಕೊಕ್ಕರೆ, ಬಸ್ಸಿನ ಕಿಟಕಿಗೆ ಒರಗಿ ನಿದ್ದೆ ಹೋದ ಹೆಂಗಸರು, ಸಿಕ್ಕಿದ್ದನ್ನೆಲ್ಲ ತೆಗೆಯುತ್ತಿದ್ದೆ. ಮೊದಲ ದಿನ ಮೇಷ್ಟ್ರು ಕೇಳಿದರು, “ಯಾರ ಹತ್ರ ಕ್ಯಾಮೆರಾ ಇದೆ?” ಇಬ್ಬರು ಕೈ ಎತ್ತಿದರು. ಅವರಿಗೆ ಮುಂದಿನ ಬೆಂಚು. ನಾನು ಫೋನು ತೋರಿಸಿದೆ.

“ಫೋನಲ್ಲಿ ತೆಗೆಯೋದು ಫೋಟೋ ಅಲ್ಲಮ್ಮ, ಜೆರಾಕ್ಸು” ಎಂದರು. ಎಲ್ಲರೂ ನಕ್ಕರು. “ನೀನು ಥರ್ಮಕೋಲ್ ಹಿಡ್ಕೋ.”

ನೆರಳಿರುವ ಕಡೆಗೆ ಬೆಳಕು ತಿರುಗಿಸಲು ಬಿಳಿ ಥರ್ಮಕೋಲ್ ಹಲಗೆ ಹಿಡಿದು ನಿಲ್ಲಬೇಕು. ಆ ವರ್ಷವೆಲ್ಲ ಕ್ಲಬ್ಬಿನಲ್ಲಿ ನನಗೆ ಸಿಕ್ಕ ಕೆಲಸ ಅದು. ಹಲಗೆ ಹಿಡಿದು ನಿಂತಾಗ ಬೆಳಕು ಯಾರ ಮುಖದ ಮೇಲೆ ಹೇಗೆ ಬೀಳುತ್ತದೆ, ಒಂದು ಗೇಣು ಸರಿದರೆ ಏನಾಗುತ್ತದೆ ಎನ್ನುವುದು ಕಣ್ಣಿಗೆ ಕಾಣುತ್ತಿತ್ತು. ಅದನ್ನು ನಾನೇ ನೋಡಿಕೊಂಡು ಕಲಿತೆ. ಅವರು ಕಲಿಸಿದ್ದಲ್ಲ.

ಬೆಳಿಗ್ಗೆ ಹೊತ್ತು ಊರಿನ ಡೈರಿಗೆ ಹಾಲು ಕೊಡಲು ಅಜ್ಜಿಯ ಜೊತೆ ಹೋಗುತ್ತಿದ್ದೆ. ಒಂದು ದಿನ ಡೈರಿಯ ಕಟ್ಟೆಯ ಮೇಲೆ ಸಾಲಾಗಿಟ್ಟ ಕ್ಯಾನುಗಳ ಮೇಲೆ ಎಳೆಬಿಸಿಲು ಬಿದ್ದು, ಮುಚ್ಚಳಗಳ ಮೇಲಿನ ಇಬ್ಬನಿ ಮಿನುಗುತ್ತಿತ್ತು. ಫೋನಿನಲ್ಲಿ ತೆಗೆದೆ. ಪುಕ್ಕಟೆ ಸಿಗುವ ಒಂದು ಎಡಿಟಿಂಗ್ ಆ್ಯಪಿನಲ್ಲಿ ಬೆಳಕು ಒಂಚೂರು ಇಳಿಸಿ, ಪಕ್ಕದಲ್ಲಿದ್ದ ಬೈಕಿನ ಚಕ್ರ ಕತ್ತರಿಸಿ, ನೋಡಿ ನೋಡಿ ಖುಷಿಪಟ್ಟೆ. ಮೇಷ್ಟ್ರಿಗೆ ತೋರಿಸಿದೆ.

ಅವರು ಫೋನನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. “ಏನಿದು? ಕ್ಯಾನು. ಸರಿ. ಇದರಲ್ಲಿ ನೋವು ಎಲ್ಲಿದೆ?”

ಅದು ಅವರ ಮಾತು. ಯಾರು ಯಾವ ಫೋಟೋ ತೋರಿಸಲಿ, ಅದನ್ನೇ ಕೇಳುತ್ತಿದ್ದರು. ಮಗು ನಗುತ್ತಿರುವ ಫೋಟೋ ತೋರಿಸಿದರೂ ಅದೇ, ಹೂವಿನ ಫೋಟೋ ತೋರಿಸಿದರೂ ಅದೇ. ನಮ್ಮ ಹುಡುಗರು ಸ್ಟೇಷನ್ನಿನ ಹತ್ತಿರ ವಡೆ ತಿನ್ನುವಾಗ ವಡೆಯನ್ನು ಎತ್ತಿ ಹಿಡಿದು, “ಇದರಲ್ಲಿ ನೋವು ಎಲ್ಲಿದೆ ಸಾರ್?” ಎನ್ನುವುದು, “ಈರುಳ್ಳಿ ಒಳಗದೆ ಕಣ್ಲಾ” ಎಂದು ಇನ್ನೊಬ್ಬ ಉತ್ತರ ಕೊಡುವುದು ನಡೆದೇ ಇತ್ತು.

ನೋವು ಸಿಗದಿದ್ದರೆ ಮೇಷ್ಟ್ರು ತಾವೇ ಮಾಡಿಕೊಳ್ಳುತ್ತಿದ್ದರು. ಅವರ ಕಾರಿನ ಡಿಕ್ಕಿಯಲ್ಲಿ ಅದಕ್ಕೆ ಬೇಕಾದ ಸಾಮಾನೆಲ್ಲ ಇತ್ತು: ಬಾಯಿ ಮುಕ್ಕಾದ ಮಣ್ಣಿನ ಮಡಕೆ, ತೂತುಬಿದ್ದ ಕಂಬಳಿ, ಊರುಗೋಲು, ಒಂದು ಲಾಟೀನು. ವೈದ್ಯನಾಥಪುರಕ್ಕೆ ನಮ್ಮನ್ನು ಕರೆದುಕೊಂಡು ಹೋದಾಗ ಆ ಡಿಕ್ಕಿ ತೆರೆದದ್ದನ್ನು ಮೊದಲ ಸಲ ನೋಡಿದೆ. ದೇವಸ್ಥಾನದ ಹತ್ತಿರ ಹೊಳೆ ದಂಡೆಯಲ್ಲಿ ಒಬ್ಬ ತಾತ ಆಡು ಮೇಯಿಸುತ್ತಿದ್ದ. ಕ್ರಿಕೆಟ್ಟಿನವರ ಚಿತ್ರವಿದ್ದ ನೀಲಿ ಬನಿಯನ್ನು, ಕಾಲಿಗೆ ಒಳ್ಳೇ ಬೂಟು, ಮೊಮ್ಮಗನದಿರಬೇಕು. ಮೇಷ್ಟ್ರು ಬನಿಯನ್ನು ಬಿಚ್ಚಿಸಿದರು, ಬೂಟು ಬಿಚ್ಚಿಸಿದರು, ಆ ಸೆಕೆಯಲ್ಲಿ ಕಂಬಳಿ ಹೊದೆಸಿ ಕಲ್ಲಿನ ಮೇಲೆ ಕೂರಿಸಿದರು. ತಾತನಿಗೆ ಇದೆಲ್ಲ ತಮಾಷೆ ಅನ್ನಿಸಿ ಬೊಚ್ಚುಬಾಯಿ ಬಿಟ್ಟು ನಗುತ್ತಲೇ ಇದ್ದ.

“ನಗಬೇಡಿ ತಾತ.”

“ಯಾಕಪ್ಪ, ನಮ್ಮೂರಲ್ಲಿ ನಗಾಕೂ ಪರ್ಮಿಸನ್ ತಕಬೇಕಾ?”

“ಹಾಗಲ್ಲ. ಏನೋ ಕಳಕೊಂಡ ಹಾಗೆ ಕೂತ್ಕೊಳಿ. ಈಗ, ನಿಮ್ಮ ಹೆಂಡ್ತಿ ಹೋಗ್ಬಿಟ್ರು ಅಂತ ಅನ್ಕೊಳಿ.”

ತಾತ ಕಂಬಳಿ ತೆಗೆದು ಕೆಳಗಿಟ್ಟ. “ಅವ್ಳು ಓಗಾದು ಅಂಗಿರ್ಲಿ ಸ್ವಾಮಿ. ನೀವಿಂಗಂದಿದ್ದ ಅವ್ಳೇನಾರ ಕೇಳುಸ್ಕಂಡ್ರೆ ಇವತ್ತು ಓಗಾದು ನೀವೇಯ” ಎಂದು ಆಡುಗಳನ್ನು ಕರೆದುಕೊಂಡು ನಡೆದುಬಿಟ್ಟ. ನಾವು ನಕ್ಕೆವು. ವಾಪಸು ಬರುವಾಗ ಮೇಷ್ಟ್ರು ಕಾರಿನಲ್ಲಿ ಯಾರನ್ನೂ ಹತ್ತಿಸಿಕೊಳ್ಳಲಿಲ್ಲ.

ಎಡಿಟಿಂಗನ್ನು ಅವರು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಹೇಳಿಕೊಡುತ್ತಿದ್ದರು. ಹೇಳಿಕೊಡುತ್ತಿದ್ದರು ಎಂದರೆ, ಅವರು ಮಾಡುತ್ತಿದ್ದರು, ನಾವು ಹಿಂದೆ ನಿಂತು ಆಹಾ ಅನ್ನಬೇಕಿತ್ತು. ಮೊದಲು ಬಣ್ಣ ತೆಗೆದು ಕಪ್ಪುಬಿಳುಪು ಮಾಡುವುದು. ಆಮೇಲೆ ಮುಖದ ಸುಕ್ಕುಗಳನ್ನು ಉತ್ತ ಹೊಲದ ಸಾಲಿನ ಹಾಗೆ ಎಬ್ಬಿಸುವುದು. ಕೊನೆಗೆ ಆಕಾಶ ಬದಲಿಸುವುದು. ಅವರ ಹತ್ತಿರ ಒಂದೇ ಒಂದು ಆಕಾಶವಿತ್ತು. ಯಾವಾಗಲೋ ಎಲ್ಲೋ ತೆಗೆದ ದಟ್ಟ ಮೋಡ, ಮೋಡದ ಅಂಚಿನಲ್ಲಿ ಹಾರುತ್ತಿರುವ ಒಂದಿಷ್ಟು ಹಕ್ಕಿ. ಯಲಿಯೂರಿನ ರೈಲು ಹಳಿಯ ಮೇಲೂ ಅದೇ ಮೋಡ, ವೈದ್ಯನಾಥಪುರದ ಗೋಪುರದ ಮೇಲೂ ಅದೇ ಮೋಡ, ಮಳವಳ್ಳಿಯ ಸಂತೆಯ ಮೇಲೂ ಅದೇ ಹಕ್ಕಿ. ತೀರ್ಪುಗಾರರು ಇದನ್ನು ಯಾಕೆ ನೋಡುತ್ತಿರಲಿಲ್ಲವೋ ಕಾಣೆ. ಬಹುಮಾನಗಳಂತೂ ಬರುತ್ತಲೇ ಇದ್ದವು.

ಒಂದು ಮಾತು ಮಾತ್ರ ಒಪ್ಪಿಕೊಳ್ಳುತ್ತೇನೆ. “ಮುಖ ಆಮೇಲೆ ನೋಡಿ, ಮುಖದ ಹಿಂದೆ ಏನಿದೆ ಅಂತ ಮೊದಲು ನೋಡಿ” ಎಂದು ಅವರು ಒಮ್ಮೆ ಹೇಳಿದ್ದರು. ಎಲ್ಲಿಂದ ಎತ್ತಿದ ಮಾತೋ ಏನೋ, ಮಾತು ಸರಿಯಿತ್ತು. ಮದುಮಗಳ ತಲೆಯಿಂದ ಕರೆಂಟು ಕಂಬ ಹುಟ್ಟಿದಂತೆ ಫೋಟೋ ತೆಗೆಯುವ ಹುಡುಗರಿಗೆ ನಾನೂ ಇವತ್ತು ಅದನ್ನೇ ಹೇಳುತ್ತೇನೆ. ಮೇಷ್ಟ್ರಿಂದ ನನಗೆ ಬಂದ ವಿದ್ಯೆ ಅಷ್ಟು.

ಎರಡನೇ ವರ್ಷದಲ್ಲಿ ಅವರು ‘ಹಳ್ಳಿಯ ಬದುಕು’ ಎಂದು ಕ್ಲಬ್ಬಿನವರನ್ನು ನಮ್ಮೂರಿಗೇ ಕರೆತಂದರು. ನಾನೇ ಕರೆದಿದ್ದೆ ಅನ್ನಬಹುದು. ನಮ್ಮೂರು ಚೆನ್ನಾಗಿದೆ ಸಾರ್ ಎಂದು ಹೇಳಿದ್ದೆ. ಮನೆಯಲ್ಲಿ ಹಬ್ಬದ ಸಂಭ್ರಮ. ಕಾಲೇಜಿನ ಮೇಷ್ಟ್ರು ಬರುತ್ತಾರೆಂದು ಅಜ್ಜಿ ತಾನೇ ಅಟ್ಟಾಡಿಸಿ ನಾಟಿ ಕೋಳಿ ಹಿಡಿದಳು. ಅವ್ವ ಸಾರು ಕುದಿಸಿ ದೊಡ್ಡ ತಪ್ಪಲೆಯಲ್ಲಿ ಮುದ್ದೆ ತೊಳಸಿದಳು.

ನನ್ನ ಅಜ್ಜಿ, ಅಂದರೆ ಅಪ್ಪನ ತಾಯಿ ಪುಟ್ಟತಾಯಮ್ಮ, ಬಡಪಾಯಿಯಲ್ಲ. ನಮಗೆ ಗದ್ದೆಯಿತ್ತು, ಕಬ್ಬಿತ್ತು, ಹಟ್ಟಿ ತುಂಬ ಎಮ್ಮೆ ಹಸುಗಳಿದ್ದವು. ಮನೆಯ ಯಜಮಾನಿಕೆ ಅವಳದೇ. ಕಿವಿಯಲ್ಲಿ ಹೊಳೆಯುವ ಕೆಂಪು ಕಲ್ಲಿನ ಓಲೆ. ಡೈರಿ ಸೆಕ್ರೆಟರಿಯಿಂದ ಹಿಡಿದು ಪಂಚಾಯ್ತಿ ಮೆಂಬರಿನ ತನಕ ಅವಳ ಬಾಯಿಗೆ ಹೆದರದವರಿರಲಿಲ್ಲ. ಹಲ್ಲು ಬಿದ್ದಿದ್ದರೂ ಮೂಳೆ ಚೀಪುವುದನ್ನು ಬಿಟ್ಟಿರಲಿಲ್ಲ.

ಮೇಷ್ಟ್ರು ಚೆನ್ನಾಗಿ ಉಂಡರು. ಬೆವರು ಒರೆಸಿಕೊಂಡು, ಮತ್ತೆ ಬಡಿಸಿಕೊಂಡು ಉಂಡರು. ಊಟವಾದ ಮೇಲೆ “ಅಜ್ಜಿ, ನಿಮ್ಮದೊಂದು ಫೋಟೋ” ಎಂದರು. ಅಜ್ಜಿ ಒಳಗೆ ಹೋಗಿ ರೇಷ್ಮೆ ಸೀರೆ ಉಟ್ಟು, ಮುಡಿಗೆ ಕನಕಾಂಬರ ಮುಡಿದು ಬಂದು ಜಗಲಿಯ ಮೇಲೆ ಕೂತಳು. ಮೇಷ್ಟ್ರ ಮುಖ ಬಾಡಿತು.

“ಹೀಗಲ್ಲ ಅಜ್ಜಿ. ಒಂದು ಹಳೇ ಸೀರೆ ಉಟ್ಕೊಳಿ. ಆ ಓಲೆ ಬಿಚ್ಚಿಬಿಡಿ.”

“ಓಲೆ ಬಿಚ್ಚಾದು ನಾನು ಸತ್ ದಿನ ಕಣಪ್ಪ. ತಗ್ಯಂಗಿದ್ರೆ ಇಂಗೇ ತಗಿ, ಇಲ್ದಿದ್ರೆ ಬುಡು” ಎಂದಳು ಅಜ್ಜಿ. ಮೇಷ್ಟ್ರು ಮರ್ಯಾದೆಗೆ ಒಂದು ಸಲ ಕ್ಲಿಕ್ ಮಾಡಿ ಸುಮ್ಮನಾದರು.

ನಾವೆಲ್ಲ ಊರು ಸುತ್ತಿ ಬರುವಷ್ಟರಲ್ಲಿ ಅಜ್ಜಿ ರೇಷ್ಮೆ ಸೀರೆ ಮಡಿಸಿಟ್ಟು, ದಿನದ ಸೀರೆ ಉಟ್ಟು, ಹಿತ್ತಲಲ್ಲಿ ಕುಕ್ಕರಗಾಲಿನಲ್ಲಿ ಕೂತು ಮುದ್ದೆಯ ತಪ್ಪಲೆ ಕೆರೆಯುತ್ತಿದ್ದಳು. ತಳಕ್ಕೆ ಅಂಟಿದ ಹಿಟ್ಟನ್ನು ಕೆರೆದು ಎಮ್ಮೆಯ ಕಲಗಚ್ಚಿಗೆ ಹಾಕುವುದು ಅವಳ ದಿನದ ಕೆಲಸ. ಇಳಿಬಿಸಿಲು ಕಣ್ಣಿಗೆ ಹೊಡೆಯುತ್ತಿದ್ದುದರಿಂದ ಮುಖ ಕಿವುಚಿಕೊಂಡಿದ್ದಳು. ಮೇಷ್ಟ್ರು ದೂರದಲ್ಲಿ, ನಮ್ಮ ಟ್ರಾಕ್ಟರಿನ ಮರೆಯಲ್ಲಿ, ಉದ್ದನೆಯ ಲೆನ್ಸು ಹಿಡಿದು ನಿಂತಿದ್ದನ್ನು ನಾನು ನೋಡಿದೆ. ಟ್ರಾಕ್ಟರ್ ತೆಗೆಯುತ್ತಿದ್ದಾರೇನೋ ಅಂದುಕೊಂಡೆ.

ಕೆಲವು ತಿಂಗಳಾದ ಮೇಲೆ ಮಂಡ್ಯದಲ್ಲಿ ಜಿಲ್ಲೆಯ ಛಾಯಾಚಿತ್ರ ಪ್ರದರ್ಶನ ಏರ್ಪಾಟಾಯಿತು. ಮೇಷ್ಟ್ರ ಚಿತ್ರಕ್ಕೆ ಮೊದಲ ಬಹುಮಾನ. ಮರುದಿನದ ಪೇಪರಿನಲ್ಲಿ ಅದು ದೊಡ್ಡದಾಗಿ ಬಂತು. ಕಪ್ಪುಬಿಳುಪು. ಬರಿದಾದ ಪಾತ್ರೆಯ ತಳ ಕೆರೆಯುತ್ತಿರುವ ಒಬ್ಬ ಮುದುಕಿ. ಮುಖದ ತುಂಬ ಉತ್ತ ಸಾಲು. ಹಿಂದೆ ನಮ್ಮ ಮನೆಯಿಲ್ಲ, ಹಟ್ಟಿಯಿಲ್ಲ, ಕಟ್ಟಿದ್ದ ಎಮ್ಮೆಗಳಿಲ್ಲ, ಬರೀ ಬಯಲು, ಬಯಲಿನ ಮೇಲೆ ಆ ಮೋಡ, ಆ ಹಕ್ಕಿ. ಕೆಳಗೆ ಶೀರ್ಷಿಕೆ: ‘ಹಸಿವು’.

ಪೇಪರನ್ನು ಮೊದಲು ಅಜ್ಜಿಗೆ ತೋರಿಸಿದ್ದು ಡೈರಿಯವರು. ನಾನೂ ಜೊತೆಗಿದ್ದೆ. ಅಜ್ಜಿಗೆ ತನ್ನ ಗುರುತೇ ಸಿಗಲಿಲ್ಲ. “ಯಾರಮ್ಮಿ ಇವ್ಳು ಮುದ್ಕಿ, ಪಾಪ” ಎಂದವಳು ಪೇಪರನ್ನು ಹತ್ತಿರ ಹಿಡಿದು ನೋಡಿ, “ತಪ್ಲೆ ನಮ್ದಲ್ವಮ್ಮಿ? ಅಂಚು ನೆಗ್ಗೋಗದೆ, ನೋಡು!” ಎಂದಳು. ತಪ್ಪಲೆಯಿಂದ ಕೈಗೆ, ಕೈಯಿಂದ ಮುಖಕ್ಕೆ ಬಂದವಳು ಪೇಪರು ಕೆಳಗಿಟ್ಟಳು. ಕಿವಿ ಮುಟ್ಟಿ ನೋಡಿಕೊಂಡಳು. ಓಲೆ ಕಿವಿಯಲ್ಲೇ ಇತ್ತು. ಪೇಪರಿನಲ್ಲಿರಲಿಲ್ಲ.

ಅಜ್ಜಿ ಒಬ್ಬಳದೇ ಆಗಿದ್ದರೆ ನಕ್ಕು ಬಿಡುತ್ತಿದ್ದಳೇನೋ. ಏಟು ಬಿದ್ದದ್ದು ನನ್ನವ್ವನಿಗೆ. ಊರಿನಲ್ಲಿ ಮಾತು ಶುರುವಾಯಿತು. ನಲ್ಲಿಯ ಹತ್ತಿರ ಒಬ್ಬಳು, “ಏನ್ ಜಯಮ್ಮ, ಅತ್ತೆಗೆ ಒಸಿ ಒಟ್ಟೆ ತುಂಬ ಇಟ್ಟಿಕ್ಕವ್ವ, ಪೇಪರ್‌ಗೆಲ್ಲ ಬಂದುಬುಟ್ಟದಲ್ಲ” ಎಂದಳಂತೆ. ನಗುತ್ತಲೇ ಹೇಳಿದಳಂತೆ. ಅವ್ವ ಜಗಳಗಂಟಿಯಲ್ಲ. ಬಿಂದಿಗೆ ಅಲ್ಲೇ ಬಿಟ್ಟು ಮನೆಗೆ ಬಂದು ಒಲೆಯ ಮುಂದೆ ಕೂತಳು.

ಮಾರನೆಯ ದಿನ ಮಳವಳ್ಳಿಯಿಂದ ಅತ್ತೆ ಬಂದಳು. ಅಪ್ಪನ ಅಕ್ಕ, ಅಜ್ಜಿಯ ಒಬ್ಬಳೇ ಮಗಳು. ಕೈಯಲ್ಲಿ ಟಿಫನ್ ಕ್ಯಾರಿಯರು. ಬಾಗಿಲಲ್ಲೇ ನಿಂತು ಕೂಗಾಡಿದಳು.

“ನಮ್ಮವ್ವನ್ನ ಉಪಾಸ ಕೆಡವಿದ್ದೀರಾ? ನಿಮ್ಗೆ ಬ್ಯಾಡ್ದಿದ್ರೆ ಯೋಳಿ, ನಾನ್ ಕರ್ಕಂಡೋಯ್ತೀನಿ!”

“ಅಯ್ಯೋ, ನನ್ನ ನೋಡು ಮಗ, ನಾನ್ ಉಪಾಸ ಇರೋಳಂಗೆ ಕಾಣ್ತೀನಾ?” ಎಂದು ಅಜ್ಜಿ ಅಡ್ಡ ಬಂದರೂ ಅತ್ತೆ ಕೇಳಲಿಲ್ಲ. “ನೀ ಸುಮ್ಕಿರವ್ವ, ನೀನು ಸೊಸೆ ಮಾನ ಕಾಯೋಳು. ಪೇಪರ್‌ನೋರು ಸುಮ್‌ಸುಮ್ನೆ ಆಕ್ಬುಟ್ಟಾರಾ?”

ಅವ್ವ ಟಿಫನ್ ಕ್ಯಾರಿಯರು ಬಿಚ್ಚಿದಳು. ಅತ್ತೆ ತಂದ ಅನ್ನವನ್ನು ತಾನೇ ಅಜ್ಜಿಗೆ ಬಡಿಸಿದಳು. ಎಲ್ಲರಿಗೂ ಇಕ್ಕಿದಳು. ತಾನು ಉಣ್ಣಲಿಲ್ಲ. ಮಾರನೆಯ ದಿನವೂ ಉಣ್ಣಲಿಲ್ಲ. ಅಪ್ಪ ಬೈದರೂ ಕೇಳಲಿಲ್ಲ, ನಾನು ಅತ್ತರೂ ಕೇಳಲಿಲ್ಲ. ಆ ಮನೆಗೆ ಸೊಸೆಯಾಗಿ ಬಂದ ದಿನದಿಂದ ಅಜ್ಜಿ ಉಣ್ಣದೆ ತಾನು ತುತ್ತು ಎತ್ತಿದವಳಲ್ಲ ಅವಳು.

ನಾನು ಕಾಲೇಜಿಗೆ ಹೋದವಳೇ ಮೇಷ್ಟ್ರ ಮುಂದೆ ಪೇಪರು ಇಟ್ಟೆ. ಅವರು ನನ್ನನ್ನು ಶಾಲು ಹೊದಿಸಲು ಬಂದವಳೆಂದುಕೊಂಡರೇನೋ, ಎದ್ದು ನಿಂತರು.

“ಸಾರ್, ಇದು ನಮ್ಮಜ್ಜಿ.”

“ಅಲ್ಲಮ್ಮ” ಎಂದರು, ಬಹಳ ಮೆತ್ತಗೆ. “ಇದು ನಿಮ್ಮಜ್ಜಿ ಅಲ್ಲ. ಇದು ಭಾರತ.”

“ಓಲೆ ಎಲ್ಲಿ ಸಾರ್?” ಎಂದೆ.

“ಅದು ಡಿಸ್ಟರ್ಬೆನ್ಸು. ತೆಗೆದೆ.”

ಓಲೆ ಇದ್ದ ಜಾಗಕ್ಕೆ ಕೆನ್ನೆಯ ಚರ್ಮವನ್ನೇ ತಂದು ಮೆತ್ತಿದ್ದರು. ಅಜ್ಜಿಯ ಕಿವಿಯ ಹಾಲೆಯ ಮೇಲೆ ಕೆನ್ನೆಯ ಸುಕ್ಕು ಕಾಣುತ್ತಿತ್ತು. ಆ್ಯಪು ಹಿಡಿದು ಆಟವಾಡುತ್ತಿದ್ದ ನನಗೂ ಕಾಣುವಂಥ ಹೊಲಸು ಕೆಲಸ ಅದು. ನಮ್ಮವ್ವ ಊಟ ಬಿಟ್ಟಿದ್ದಾಳೆ, ಊರವರು ಹೀಗೆ ಅನ್ನುತ್ತಿದ್ದಾರೆ, ಪೇಪರಿನವರಿಗೆ ಒಂದು ಮಾತು ತಿಳಿಸಿ ಎಂದು ಕೇಳಿಕೊಂಡೆ. ಅವರು ಜೇಬಿನಿಂದ ಪೆಪ್ಪರಮಿಂಟು ತೆಗೆದು ಬಾಯಿಗೆ ಹಾಕಿಕೊಂಡು, “ಕಲೇಲಿ ವ್ಯಕ್ತಿ ಇರಲ್ಲಮ್ಮ, ಭಾವ ಇರುತ್ತೆ. ನಿಮ್ಮ ಕಡೆಯವರಿಗೆ ಇದು ಅರ್ಥ ಆಗೋಕೆ ಟೈಮ್ ಬೇಕು. ಬೇಕಾದ್ರೆ ಒಂದು ಪ್ರಿಂಟು ಕೊಡ್ತೀನಿ, ಮನೇಲಿ ಹಾಕ್ಕೊಳಿ” ಎಂದರು.

ಸಂಜೆ ಮನೆಗೆ ಬಂದು ನಡೆದದ್ದನ್ನು ಹೇಳಿದೆ. ಅಜ್ಜಿ ಕೇಳಿಸಿಕೊಂಡಳು. ಒಲೆಯ ಮುಂದಿದ್ದ ಅವ್ವನ ಕಡೆ ನೋಡಿದಳು. “ಆ ಪಟ ಎಲ್ಲಿ ನೇತಾಕವ್ರೆ?” ಎಂದು ಕೇಳಿದಳು.

ಮರುದಿನ ಬೆಳಿಗ್ಗೆ ಬಸ್ಸಿಗೆ ಹೊರಟೆವು. ಅಜ್ಜಿ, ಅವ್ವ, ಅತ್ತೆ, ನಾನು. ಅಜ್ಜಿ ಅದೇ ರೇಷ್ಮೆ ಸೀರೆ ಉಟ್ಟು, ಪೆಟ್ಟಿಗೆಯಲ್ಲಿದ್ದ ಚಿನ್ನವನ್ನೆಲ್ಲ ಹಾಕಿಕೊಂಡಿದ್ದಳು. ಅತ್ತೆ ದಾರಿಯುದ್ದಕ್ಕೂ ಅವ್ವನ ಕಡೆ ನೋಡಲಿಲ್ಲ. ಮಂಡ್ಯದ ಸಭಾಂಗಣದಲ್ಲಿ ಜನ ಬರುತ್ತ ಹೋಗುತ್ತ ಇದ್ದರು. ‘ಹಸಿವು’ ಬಾಗಿಲಿಗೆ ಎದುರಾಗಿಯೇ ಇತ್ತು, ಹತ್ತಿರ ಹತ್ತಿರ ಒಂದು ಆಳೆತ್ತರ. ಪಕ್ಕದಲ್ಲಿ ಮೇಷ್ಟ್ರು, ಅದೇ ಜಾಕೆಟ್ಟಿನಲ್ಲಿ, ನಾಲ್ಕು ಜನಕ್ಕೆ ಏನೋ ವಿವರಿಸುತ್ತಿದ್ದರು. ಅಜ್ಜಿ ಸೀದಾ ಹೋಗಿ ಆ ಪಟದ ಮುಂದೆ ನಿಂತಳು.

ಮೇಷ್ಟ್ರು ಮಾತು ನಿಲ್ಲಿಸಿ ತಿರುಗಿದರು. ಅಜ್ಜಿಯ ಮುಖ ನೋಡಿದರು. ನಗುತ್ತ ಕೈಸನ್ನೆ ಮಾಡಿದರು.

“ಅಜ್ಜಿ, ಸ್ವಲ್ಪ ಪಕ್ಕಕ್ಕೆ ನಿಂತ್ಕೊಳಿ. ಫೋಟೋಗೆ ಅಡ್ಡ ಬರ್ತಿದ್ದೀರ.”

ಅವರಿಗೆ ಗುರುತು ಸಿಕ್ಕಿರಲಿಲ್ಲ. ಆ ಮುಖದ ಒಂದೊಂದು ಗೆರೆಯನ್ನೂ ಎಷ್ಟೋ ಹೊತ್ತು ಕಂಪ್ಯೂಟರಿನ ಮುಂದೆ ಕೂತು ತಿದ್ದಿದ ಮನುಷ್ಯನಿಗೆ, ಅವಳ ಮನೆಯ ಊಟ ಉಂಡ ಮನುಷ್ಯನಿಗೆ, ಎದುರಿಗೆ ಬಂದು ನಿಂತವಳು ಯಾರೆಂದು ಗೊತ್ತಾಗಲಿಲ್ಲ. ಅಲ್ಲಿಯ ತನಕ ನನಗೆ ಅವರ ಮೇಲಿದ್ದುದು ಸಿಟ್ಟು. ಆ ಗಳಿಗೆಯಿಂದ ಸಿಟ್ಟು ಹೋಯಿತು. ಅದಕ್ಕೂ ಲಾಯಕ್ಕಲ್ಲ ಅನ್ನಿಸಿತು.

“ಯಾಕ್ಲಾ ಪಕ್ಕುಕ್ ನಿಂತ್ಕಳ್ಳಿ?” ಎಂದಳು ಅಜ್ಜಿ. ಸಭಾಂಗಣವೆಲ್ಲ ತಿರುಗಿ ನೋಡಿತು. “ಇದು ನನ್ ಮಕ. ಈ ತಪ್ಲೆ ನಂದು. ಈ ತಪ್ಲೆಲಿದ್ದ ಇಟ್ಟ ಉಂಡೋನು ನೀನು. ಬೆವ್ರು ಒರುಸ್ಕಂಡು ಒರುಸ್ಕಂಡು ಉಂಡ್ಯಲ್ಲೋ ಮೇಷ್ಟ್ರೇ, ನೀನುಂಡು ಮಿಕ್ಕಿದ್ದ ನಾನು ಎಮ್ಮೆಗೆ ಕೆರೀತಿದ್ನಪ್ಪ. ಅದ್ಕೆ ಅಸಿವು ಅಂತ ಎಸ್ರಿಕ್ಕಿದ್ದೀಯಾ?”

ಯಾರೋ ಕಿಸಕ್ಕೆಂದರು. ಮೇಷ್ಟ್ರು ಅಜ್ಜಿಯನ್ನು ನೋಡಿದರು, ಪಟವನ್ನು ನೋಡಿದರು, ನನ್ನನ್ನು ನೋಡಿದರು. “ಅಮ್ಮಾ, ಕಲೆ ಅಂದ್ರೆ...” ಎಂದು ಶುರು ಮಾಡಿದರು.

“ನಿನ್ ಕಲೆ ಅತ್ಲಾಗ್ ಮಡಗು.” ಅಜ್ಜಿ ಹಿಂದೆ ಸರಿದು ನಿಂತಿದ್ದ ಅವ್ವನ ತೋಳು ಹಿಡಿದು ಮುಂದಕ್ಕೆಳೆದಳು. “ಇವ್ಳು ನನ್ ಸೊಸೆ. ಇವ್ಳಿಕ್ಕಿದ್ದ ಉಂಡು ನಾನಿಂಗಿವ್ನಿ, ನೋಡ್ಕಳಿ ಎಲ್ರೂವೆ. ಇವನ್ ಪಟದ್ ದೆಸೆಯಿಂದ ಇವ್ಳು ಅನ್ನ ಬುಟ್ಟವ್ಳೆ. ಇಲ್ಲಿ ಯಾರಾನ ಉಪಾಸ ಅವ್ರೆ ಅಂದ್ರೆ ಇವ್ಳೊಬ್ಳೇಯ.” ಆಮೇಲೆ ನನ್ನ ಕಡೆ ತಿರುಗಿದಳು. “ತಗಿ ಮಗ, ನೀನೊಂದ್ ಪಟ ತಗಿ. ಇಬ್ರುದೂವೆ.”

ನಾನು ಮೂಲೆ ಒಡೆದ ಫೋನು ತೆಗೆದೆ. ಹಿಂದೆ ಏನಿದೆ ಎಂದು ನೋಡಲೇ ಇಲ್ಲ. ತೆಗೆಯುವ ಹೊತ್ತಿಗೆ ಅತ್ತೆ ಅಳುತ್ತ ಬಂದು ಅವ್ವನ ಇನ್ನೊಂದು ಪಕ್ಕದಲ್ಲಿ ನಿಂತು, “ತಪ್ಪಾಯ್ತು ಕಣ್ ಜಯ, ಬುಡು” ಎಂದು ಅವಳ ಕೈ ಹಿಡಿದಳು. ಮೂರೂ ಜನ ಪಟದಲ್ಲಿ ಬಂದರು. ಅದನ್ನು ನಾನು ಎಡಿಟ್ ಮಾಡಲಿಲ್ಲ, ಹಾಗೇ ಊರಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ನಲ್ಲಿಯ ಹತ್ತಿರದ ಮಾತು ನಿಂತಿತು. ಅವತ್ತು ಮಂಡ್ಯದ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಅಜ್ಜಿ ಅವ್ವನ ಎದುರಿಗೆ ಕೂತು, ಒಂದು ತಟ್ಟೆ ಇಡ್ಲಿ ಪೂರ್ತಿ ತಿನ್ನಿಸಿಯೇ ಎದ್ದಳು.

ಮೇಷ್ಟ್ರಿಗೆ ಏನೂ ಆಗಲಿಲ್ಲ. ಬಹುಮಾನ ವಾಪಸು ಹೋಗಲಿಲ್ಲ, ಯಾರೂ ಅವರನ್ನು ಏನೂ ಕೇಳಲಿಲ್ಲ. ಮುಂದಿನ ವಾರ ನನ್ನನ್ನು ಸ್ಟಾಫ್ ರೂಮಿಗೆ ಕರೆಸಿದರು. ಕ್ಷಮೆ ಕೇಳಬಹುದೆಂದು ನಾನು ಎಣಿಸಿದ್ದೆ, ಅಷ್ಟು ಎಳಸು ಆಗ.

“ಅವತ್ತು ನಿಮ್ಮಜ್ಜಿ ಮುಖ ಇತ್ತಲ್ಲ, ಆ ಕೋಪ! ಅಬ್ಬಾ!” ಎಂದರು. “ನನ್ನ ಕೈಲಿ ಕ್ಯಾಮೆರಾನೇ ಇರ್ಲಿಲ್ಲ. ಎಂಥ ಎಕ್ಸ್‌ಪ್ರೆಶನ್ ಮಿಸ್ಸಾಗೋಯ್ತು. ಇನ್ನೊಂದ್ಸಲ ಕರ್ಕೊಂಡು ಬರ್ತೀಯಾ?”

ನಾನು ಅವರ ಮೇಜಿನ ಮೇಲೆ ಕ್ಲಬ್ಬಿನ ಗುರುತಿನ ಚೀಟಿ ಇಟ್ಟು ಬಂದೆ. ಕ್ಲಬ್ಬು ಬಿಟ್ಟ ಮೇಲೆ ಮ್ಯಾಗಿಯಷ್ಟು ಬೇಗ ಕಲಿಸುತ್ತೇನೆ ಎನ್ನುವ ವಿಡಿಯೋಗಳನ್ನು ನೋಡಿ, ತಪ್ಪಿ, ಅಳಿಸಿ, ಮತ್ತೆ ಮಾಡಿ ಎಡಿಟಿಂಗು ಕಲಿತೆ. ನಮ್ಮ ಕಡೆಯ ಮದುವೆಗಳಲ್ಲಿ ಹೆಣ್ಣನ್ನು ಬೆಳ್ಳಗೆ ಮಾಡಿ ಎಂದು ಈಗಲೂ ಕೇಳುತ್ತಾರೆ. ಒಪ್ಪುವುದಿಲ್ಲ. ಕೆಲವು ಗಿರಾಕಿಗಳು ಹೋಗಿದ್ದಾರೆ, ಹೋಗಲಿ.

ಅಜ್ಜಿ ತೀರಿಕೊಂಡಿದ್ದು ಹೋದ ವರ್ಷ. ಮಧ್ಯಾಹ್ನ ಉಂಡು ಮಲಗಿದವಳು ಏಳಲಿಲ್ಲ. ತಿಥಿಯ ದಿನ ಮನೆ ಮುಂದೆ ಶಾಮಿಯಾನ ಹಾಕಿಸಿ ಬಾಡೂಟ ಮಾಡಿಸಿದ್ದೆವು. ಊರಿಗೆ ಊರೇ ಬಂದಿತ್ತು. ಪಂಕ್ತಿ ಕೂತಿದ್ದಾಗ ಒಂದು ಕಾರು ಬಂದು ನಿಂತಿತು. ಮೇಷ್ಟ್ರು ಇಳಿದರು. ತಲೆಗೆ ಬಣ್ಣ, ಜಾಕೆಟ್ಟು ಹೊಸದು, ಕೊರಳಲ್ಲಿ ಕ್ಯಾಮೆರಾ.

“ವಿಷಯ ತಿಳೀತಮ್ಮ” ಎಂದರು ನನ್ನ ಹತ್ತಿರ ಬಂದು. “ಅವರು ನನ್ನ ಸಬ್ಜೆಕ್ಟು. ಆ ಸೀರೀಸನ್ನ ಪೂರ್ತಿ ಮಾಡ್ಬೇಕು ನಾನು. ಆ ಪಾತ್ರೆ ಇನ್ನೂ ಇದ್ಯಾ? ಖಾಲಿ ಹಿತ್ತಲು, ಪಾತ್ರೆ ಒಂದೇ. ಐದು ನಿಮಿಷ ಸಾಕು.”

ನಾನು ಬಾಯಿ ತೆರೆಯುವಷ್ಟರಲ್ಲಿ ಸಾರಿನ ಬಕೆಟ್ಟು ಹಿಡಿದು ಬಡಿಸುತ್ತಿದ್ದ ಅವ್ವ ನಮ್ಮಿಬ್ಬರ ನಡುವೆ ಬಂದಳು. ಬಕೆಟ್ಟು ಕೆಳಗಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡಳು. ಮೇಷ್ಟ್ರ ಕೊರಳಿನಿಂದ ಕ್ಯಾಮೆರಾವನ್ನು, ಮಗುವಿನ ಕೊರಳಿಂದ ಸ್ಕೂಲು ಬ್ಯಾಗು ತೆಗೆಯುವಂತೆ ತೆಗೆದು ನನ್ನ ಕೈಗೆ ಕೊಟ್ಟಳು.

“ಕೈ ತೊಳ್ಕಳಿ ಮೇಷ್ಟ್ರೇ. ಎಲೆ ಆಕವ್ರೆ.”

“ಅಯ್ಯೋ, ನಾನು ಊಟಕ್ಕೆ ಬಂದಿದ್ದಲ್ಲಮ್ಮ.”

“ನಮ್ಮತ್ತೆ ತಿಥಿಗೆ ಬಂದೋರು ಉಣ್ದಲೆ ಓಗಂಗಿಲ್ಲ. ಕುಂತ್ಕಳಿ.”

ದನಿ ಎತ್ತಲಿಲ್ಲ. ನಮ್ಮವ್ವನನ್ನು ಹಾಗೆ ಯಾವತ್ತೂ ನಾನು ನೋಡಿರಲಿಲ್ಲ. ಮೇಷ್ಟ್ರು ಅತ್ತಿತ್ತ ನೋಡಿ, ದಾರಿ ಕಾಣದೆ, ಪಂಕ್ತಿಯ ಕೊನೆಯಲ್ಲಿ ಕೂತರು. ಅವ್ವ ತಾನೇ ಮುದ್ದೆ ಇಟ್ಟಳು, ತಾನೇ ಸಾರು ಬಿಟ್ಟಳು. ಅವರು ತಲೆ ಎತ್ತದೆ ಉಣ್ಣತೊಡಗಿದರು. ಅರ್ಧಕ್ಕೆ ಸಾಕೆಂದು ಎಲೆಗೆ ಕೈ ಅಡ್ಡ ಹಿಡಿದಾಗ ಅವ್ವ ಆ ಕೈ ಸರಿಸಿ ಇನ್ನೊಂದು ಮುದ್ದೆ ಇಟ್ಟು, ಅಲ್ಲೇ ನಿಂತಳು. ಪಂಕ್ತಿಯವರೆಲ್ಲ ಊಟ ನಿಲ್ಲಿಸಿ ನೋಡುತ್ತಿದ್ದರು.

“ಉಣ್ಣಿ” ಎಂದಳು. “ನಿಧಾನ್‌ವಾಗಿ ಉಣ್ಣಿ. ನಾನ್ ಇಲ್ಲೇ ಇರ್ತೀನಿ.”

ಮೇಷ್ಟ್ರು ಪೂರ್ತಿ ಉಂಡರು. ಎಲೆ ಬರಿದಾಗುವ ತನಕ ಅವ್ವ ಅವರ ಮುಂದಿನಿಂದ ಕದಲಲಿಲ್ಲ.